ಎಂಟರಿಂದ ನಲವತ್ತು ಮೀಟರ್

ಕುಮಟಾದ ಕಡಲ್ಕೊರೆತ ಮುನ್ಸೂಚನಾ ಉಪವಿಭಾಗವು ಸ್ಥಾಪನೆಯಾದಂದಿನಿಂದ ಒಮ್ಮೆಯೂ ತಪ್ಪು ಮುನ್ಸೂಚನೆ ನೀಡಿಲ್ಲ. ಶ್ರೀಧರ ಅಲ್ಲಿಗೆ ಸಹಾಯಕ ಎಂಜಿನಿಯರ್ ಆಗಿ ಬರುವ ತನಕ ಅದು ಯಾವ ಮುನ್ಸೂಚನೆಯನ್ನೂ ನೀಡಿರಲಿಲ್ಲ.

ಶ್ರೀಧರ ಹೊನ್ನಾವರದ ಹುಡುಗ. ಲೆಕ್ಕದಲ್ಲಿ ಸುಳ್ಳು ಹೇಳಬಾರದು ಎಂದು ನಂಬಿದವನು. ಕಂಪ್ಯೂಟರಿನಲ್ಲಿ ಒಂದು ಕಡಲನ್ನು ಕಟ್ಟಿದರೂ ಗಾಳಿ ಎಷ್ಟು, ಅಲೆ ಎಷ್ಟು, ಮರಳು ಎಷ್ಟು ಸಡಿಲ ಎಂಬುದು ಯಾರಿಗೂ ಸರಿಯಾಗಿ ಗೊತ್ತಿಲ್ಲವಲ್ಲ. ಹಾಗಾಗಿ ಅವುಗಳನ್ನು ಸ್ವಲ್ಪಸ್ವಲ್ಪ ಬದಲಿಸುತ್ತ ಅದೇ ಕಡಲನ್ನು ಸಾವಿರಾರು ಸಲ ಓಡಿಸಿ, ಉತ್ತರಗಳು ಎಲ್ಲಿಂದ ಎಲ್ಲಿಗೆ ಹರಡುತ್ತವೆ ಎಂದು ನೋಡಬೇಕು. ತರಬೇತಿಯಲ್ಲಿ ಇದನ್ನು ಕಲಿತ ದಿನ ಅವನಿಗೆ ಊಟ ರುಚಿಸಿತ್ತು. ಬಂದವನೇ ವರದಿ ಬರೆದ: ಧಾರೇಶ್ವರದ ಕರೆಯನ್ನು, ಎಂದರೆ ದಂಡೆಯನ್ನು, ಈ ಮಳೆಗಾಲದಲ್ಲಿ ಕಡಲು ಎಂಟರಿಂದ ನಲವತ್ತು ಮೀಟರ್ ತಿನ್ನಬಹುದು, ವಿಶ್ವಾಸ ಶೇಕಡಾ ತೊಂಬತ್ತೈದು.

ಉಪವಿಭಾಗದ ಮುಖ್ಯಸ್ಥರಾದ ಮಧುಸೂದನ ಸಾಹೇಬರು ವರದಿಯನ್ನು ಎರಡು ಸಲ ಓದಿ, ಎಂಟೂ ಇರಲಿ, ನಲವತ್ತೂ ಇರಲಿ, ನಡುವಿನ ಮೂವತ್ತೆರಡು ಮೀಟರ್ ಸದ್ಯ ಯಾರ ವಶದಲ್ಲಿದೆ ಎಂದು ಕೇಳಿದರು. ಮರುದಿನ ಶ್ರೀಧರನ ಮೇಜಿನ ಮೇಲೆ ನೋಟೀಸು ಬಿದ್ದಿತ್ತು:

‘ಸರ್ಕಾರಿ ಲೆಕ್ಕದ ಮೇಲೆ ತಾವು ಕೇವಲ ಶೇಕಡಾ ತೊಂಬತ್ತೈದು ವಿಶ್ವಾಸ ಹೊಂದಿರುವುದು ಕಂಡುಬಂದಿರುತ್ತದೆ. ಉಳಿದ ಶೇಕಡಾ ಐದು ವಿಶ್ವಾಸವನ್ನು ಎಲ್ಲಿ ಇರಿಸಿದ್ದೀರಿ ಎಂಬ ಬಗ್ಗೆ ಕೂಡಲೇ ಸಮಜಾಯಿಷಿ ನೀಡತಕ್ಕದ್ದು.’

ಪೂರ್ತಿ ನೂರು ಬೇಕೆಂದರೆ ಕಡಲು ಘಟ್ಟದ ಬುಡದ ಗೇರುಸೊಪ್ಪದವರೆಗೂ ಬರಬಹುದು ಎಂದು ಬರೆಯಬೇಕಾಗುತ್ತದೆ ಎಂದು ಅವನು ಪ್ರಾಮಾಣಿಕವಾಗಿ ಉತ್ತರಿಸಿದ. ಉಪವಿಭಾಗವು ಇದನ್ನು ಸಾರ್ವಜನಿಕ ಪ್ರಕಟಣೆಗೆ ಹಾಕಿತು. ಗೇರುಸೊಪ್ಪದಿಂದ ಯಾವ ಆಕ್ಷೇಪಣೆಯೂ ಬಾರದ ಕಾರಣ, ಅಲ್ಲಿಯವರೆಗೆ ಬರಲು ಕಡಲಿಗೆ ತಾತ್ವಿಕ ಅನುಮೋದನೆ ದೊರೆಯಿತು.

ಮೂವತ್ತೆರಡು ಮೀಟರಿಗೆ ‘ಅನಿಶ್ಚಿತ ವಲಯ’ ಎಂದು ಹೆಸರಾಯಿತು. ಅಲ್ಲಿ ವಾಸಿಸುವವರು ಅಪಾಯದಲ್ಲಿ ಇದ್ದಾರೆಂದು ಹೇಳಲಾಗದ್ದರಿಂದ ಅವರಿಗೆ ತಡೆಗೋಡೆ ಇಲ್ಲ. ಅಪಾಯ ಇಲ್ಲವೆಂದೂ ಹೇಳಲಾಗದ್ದರಿಂದ ಮನೆ ರಿಪೇರಿಗೆ ಪರವಾನಗಿ ಇಲ್ಲ. ವಲಯದಲ್ಲೇ, ಕಡಲ ಬದಿಗೆ ನಾಗಿಯ ಮನೆ ಇತ್ತು. ಗಂಡ ತೀರಿಕೊಂಡ ಮೇಲೆ ಮೀನು ಒಣಗಿಸಿ ಮಾರಿಯೇ ಬದುಕು ನಡೆಸಿದವಳು. ಬುಟ್ಟಿಯನ್ನು ಕಚೇರಿಯ ಮೆಟ್ಟಿಲ ಮೇಲಿಟ್ಟು ಶ್ರೀಧರನ ಮೇಜಿನ ಬಳಿ ಬಂದಳು.

“ಎಂತ ಸಾಯೇಬ್ರೆ, ನಾ ಮನೆ ಬಿಡೂದೋ, ಉಳಿಯೂದೋ? ಅಷ್ಟ್ ಹೇಳಿ.”

“ಬಿಡೂದೇ ಒಳ್ಳೇದು, ನಾಗಿಯಕ್ಕ. ಮಳೆ ಹಿಡಿಯೂಕಿಂತ ಮುಂಚೆ.”

“ಬರ್ದು ಕೊಡ್ತೀರಾ?”

ಬರೆದು ಕೊಡುವ ಅಧಿಕಾರ ಅವನಿಗಿರಲಿಲ್ಲ. ಆ ಮಾತು ಅವನನ್ನು ಚುಚ್ಚಿತು. ಭಾನುವಾರ ಭಾವನ ಲಗೇಜ್ ರಿಕ್ಷಾ ತಂದು, ಅವಳ ಪಾತ್ರೆಪಗಡೆ, ಹಂಚು, ಬಾಗಿಲು, ದೇವರ ಪಟಗಳನ್ನು ಅವಳ ತಂಗಿಯ ಮನೆಗೆ ತಾನೇ ಸಾಗಿಸಿದ. ಒಣಮೀನಿನ ವಾಸನೆ ಅವನ ಅಂಗಿಯಿಂದ ವಾರವಾದರೂ ಹೋಗಲಿಲ್ಲ.

ಆಷಾಢದಲ್ಲಿ ಕಡಲು ಏರಿತು. ಇಪ್ಪತ್ತು ಮೀಟರಿನಷ್ಟು ಕರೆಯನ್ನೂ ಸಾಲಾಗಿದ್ದ ಮನೆಗಳನ್ನೂ ಒಯ್ದಿತು. ನಾಗಿಯನ್ನು ನೋಡಿ ನೆರೆಯವರೂ ಮೊದಲೇ ಮನೆ ಖಾಲಿ ಮಾಡಿದ್ದರಿಂದ ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ತನ್ನ ಒಲೆ ಇದ್ದ ಜಾಗದಲ್ಲಿ ನೊರೆ ಕುದಿಯುವುದನ್ನು ನಾಗಿ ನೋಡುತ್ತ ನಿಂತಿದ್ದಳು. ಪಕ್ಕದಲ್ಲಿ ನಿಂತ ಶ್ರೀಧರನಿಗೆ ತನ್ನ ಲೆಕ್ಕ ಸರಿಯಾದದ್ದಕ್ಕೆ ನಾಚಿಕೆಯಾಯಿತು.

ಉಪವಿಭಾಗಕ್ಕೆ ಮಾತ್ರ ಹಬ್ಬ. ಇಪ್ಪತ್ತು ಎಂಬುದು ಎಂಟಕ್ಕೂ ನಲವತ್ತಕ್ಕೂ ನಡುವೆ ಬರುತ್ತದೆ ಎಂದು ತಜ್ಞರ ಸಮಿತಿ ದೃಢಪಡಿಸಿತು. ಮಧುಸೂದನ ಸಾಹೇಬರಿಗೆ ಶಾಲು ಹೊದಿಸಿದರು. ಇಂಥ ನಿಖರ ವಿಧಾನವನ್ನು ಕಡಲಿಗಷ್ಟೇ ಸೀಮಿತಗೊಳಿಸುವುದು ಸರಿಯಲ್ಲವೆಂದು, ಇನ್ನು ಮುಂದೆ ಯಾವುದೇ ಅಳತೆಯನ್ನು ಒಂದೇ ಸಂಖ್ಯೆಯಲ್ಲಿ ನಮೂದಿಸತಕ್ಕದ್ದಲ್ಲ ಎಂಬ ಸುತ್ತೋಲೆಯೂ ಹೊರಟಿತು.

ಹೀಗಾಗಿ ಮನೆ ಕಳೆದುಕೊಂಡವರಿಗೆ ಕಚೇರಿಯ ಹಿಂದಿನ ಗುಡ್ಡದ ಮೇಲೆ ಮಂಜೂರಾದ ನಿವೇಶನಗಳ ವಿಸ್ತೀರ್ಣ ‘ಎರಡರಿಂದ ಹತ್ತು ಗುಂಟೆ’ ಎಂದಾಯಿತು. ನೆಲವನ್ನು ಟೇಪು ಹಿಡಿದು ಅಳೆಯಬಹುದಲ್ಲ, ಅದಕ್ಕೆ ಈ ವಿಧಾನ ಬೇಡ ಎಂದು ಶ್ರೀಧರ ಹೇಳಿ ನೋಡಿದ.

“ಒಂದೇ ಸಂಖ್ಯೆ ಕೊಟ್ರೆ ಸುಳ್ಳಾಗ್ತದೆ ಅಂದವ್ರು ನೀವೇ ಅಲ್ವೇನ್ರೀ?” ಎಂದರು ಸಾಹೇಬರು.

ನಾಗಿ ಮಂಜೂರಾತಿ ಪತ್ರ ಹಿಡಿದು ಬಂದಳು. “ಇದೆಂತ, ಎರಡೋ ಹತ್ತೋ?”

ಶ್ರೀಧರ ಪತ್ರವನ್ನು ನೋಡಿದ. ಅವಳ ಮುಖವನ್ನೂ ನೋಡಿದ. ಕಲಿತ ವಿದ್ಯೆ ಮೊದಲ ಸಲ ಅವನಿಗೆ ನಗು ತರಿಸಿತು.

“ಹತ್ತೂ ಅದ್ರೊಳಗೇ ಬರ್ತದೆ, ನಾಗಿಯಕ್ಕ.”

“ಆತು,” ಎಂದವಳು ಸಂಜೆಯೊಳಗೆ ಹತ್ತು ಗುಂಟೆಗೆ ಬೇಲಿ ಹಾಕಿದಳು. ಸರ್ವೆಯವರು ಬಂದು ಅಳೆದು, ಮಿತಿಯೊಳಗೆ ಇದೆ ಎಂದು ಸಹಿ ಹಾಕಿ ಹೋದರು. ನೆರೆಯವರೂ ಹಾಗೇ ಬೇಲಿ ಹಾಕಿದರು. ಬೇಲಿಗಳು ಗುಡ್ಡ ಇಳಿದು ಮಧುಸೂದನ ಸಾಹೇಬರ ಕಾರು ನಿಲ್ಲಿಸುವ ಜಾಗದವರೆಗೂ ಬಂದವು. ಅದೂ ಮಿತಿಯೊಳಗೇ ಇತ್ತು. ಸಾಹೇಬರು ರಸ್ತೆಯಲ್ಲಿ ಕಾರು ನಿಲ್ಲಿಸಿ ನಡೆದು ಬರತೊಡಗಿದರು.

ವರ್ಷದ ಕೊನೆಗೆ ಲೆಕ್ಕ ಕೂಡಿದಾಗ, ಕಡಲು ಒಯ್ದದ್ದಕ್ಕಿಂತ ಹೆಚ್ಚು ನೆಲ ಜನರ ಹೆಸರಿನಲ್ಲಿ ಇರುವುದು ಕಂಡುಬಂತು. ಕೊರೆತದಿಂದ ತಾಲೂಕು ಬೆಳೆಯುತ್ತದೆ ಎಂದು ಉಪವಿಭಾಗವು ವರದಿ ಕಳಿಸಿತು, ಮೇಲಿನವರು ಒಪ್ಪಿದರು. ತಮ್ಮ ಕರೆಗೂ ಕೊರೆತ ಮಂಜೂರು ಮಾಡಬೇಕೆಂದು ಹೊನ್ನಾವರದವರೂ ಭಟ್ಕಳದವರೂ ಮನವಿ ಕೊಟ್ಟರು. ಭಟ್ಕಳಕ್ಕೆ ಆದ್ಯತೆ ಸಿಕ್ಕಿತು.

ಕಡಲಿಗೆ ತಿಳುವಳಿಕೆ ಪತ್ರ ತಲುಪಿಸುವ ಹೊಣೆ ಶ್ರೀಧರನದಾಯಿತು. ಅವನು ಭಟ್ಕಳದ ಕರೆಯಲ್ಲಿ ಪ್ಯಾಂಟು ಮಡಚಿ ನಿಂತು, ಪತ್ರವನ್ನು ಸ್ಫುಟವಾಗಿ ಓದಿ, ಮರಳಿನ ಮೇಲಿಟ್ಟ. ಅಲೆಯೊಂದು ಬಂದು ಅದನ್ನು ಸ್ವೀಕರಿಸಿತು. ಶ್ರೀಧರ ಸ್ವೀಕೃತಿಯ ಸಮಯವನ್ನು ‘ಹತ್ತರಿಂದ ಹನ್ನೆರಡು ಗಂಟೆ’ ಎಂದು ಬರೆದುಕೊಂಡು, ಕುಮಟಾ ಬಸ್ಸು ಹತ್ತಿದ.