ಕಾಣದ ಬೆಳಕಿನ ಫಜೀತಿಗಳು

ಕಣ್ಣಿಗೆ ಕಾಣದ ಬೆಳಕಿನ ಜೊತೆ ಕೆಲಸಕ್ಕಿಳಿದರೆ ಫಜೀತಿಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ತೆಲುಗು ಸೀಮೆಯ ಕುಷಾಯಿಗೂಡದ ಪುಟ್ಟ ಲ್ಯಾಬಿನಲ್ಲಿ ನಾನು, ನಮ್ಮ ಸಾಹೇಬರು ಕೂಡಿ ಕ್ವಾಂಟಂ ಗುಪ್ತಸಂದೇಶಕ್ಕೆ ಬೇಕಾದ ಲೇಸರ್ ಮಿಣುಕುಗಳನ್ನು ಹೊರಡಿಸುವ ಪೆಟ್ಟಿಗೆ ಮಾಡುತ್ತಿದ್ದೆವು. ಅದು ಅಗ್ಗವಾಗಿರಬೇಕು, ಊಟದ ಡಬ್ಬಿಯಷ್ಟೇ ಇರಬೇಕು ಎಂಬುದು ಸಾಹೇಬರ ಹಟ. ಆ ಲ್ಯಾಬ್ ಈಗಿಲ್ಲ. ಆದರೆ ಆ ಕಡೆ ಹೋದಾಗಲೆಲ್ಲ ನನಗೆ ನಗು ಬರುತ್ತದೆ.

ಡಬ್ಬಿ

ಬೆಳಕು ಸೋರದ ಪೆಟ್ಟಿಗೆ ಹುಡುಕಿ ಬೇಗಂ ಬಜಾರಿಗೆ ಹೋದೆವು. ಪಾತ್ರೆ ಅಂಗಡಿಯವರು ಬೀದರ ಕಡೆಯವರು. ನಮ್ಮ ಕನ್ನಡ ಕೇಳಿ ಖುಷಿಯಾಗಿ ಸ್ಟೂಲ್ ಕೊಟ್ಟರು.

“ಇದರಾಗ ಏನ್ ಇಡ್ತೀರಿ?”

“ಬೆಳಕು ರೀ. ಒಂಚೂರೂ ಹೊರಗ ಬರಬಾರದು,” ಎಂದರು ಸಾಹೇಬರು.

ಅಂಗಡಿಯವರು ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಿ ತೋರಿಸಿದರು. “ಚಿಂತಿ ಬಿಡ್ರಿ. ಇದರಾಗಿಂದ ಉಪ್ಪಿನಕಾಯಿ ಎಣ್ಣೀನ ಬರಂಗಿಲ್ಲ, ಬೆಳಕೆಲ್ಲಿ ಬರ್ತೈತಿ!”

ಅವ್ವ

ಕಲಬುರಗಿಯಿಂದ ಅವ್ವ ಬಂದಿದ್ದಳು. “ನೀ ಮಾಡೋದರೆ ಏನು?” ಎಂದಳು.

“ಬೆಳಕಿನ ಕಣದಾಗ ಗುಟ್ಟು ಕಳಸ್ತೀವಿ ಅವ್ವ. ನಡುವ ಯಾರರೆ ಇಣುಕಿದ್ರ ತಕ್ಷಣ ಗೊತ್ತಾಗ್ತೈತಿ.”

ಅವ್ವ ಸೋಸುತ್ತಿದ್ದ ಮೆಂತೆಪಲ್ಯ ಬಿಟ್ಟು ಕಿಟಕಿಯತ್ತ ಕಣ್ಣು ಹಾಯಿಸಿದಳು. “ಇದಕ್ಕ ಇಷ್ಟೆಲ್ಲಾ ಓದಬೇಕಾ? ಎದುರುಮನಿಯಾಕಿ ಇಣುಕಿದ್ರ ನಂಗ ಕತ್ತಲ್ಯಾಗೂ ಗೊತ್ತಾಗ್ತೈತಿ!”

ಪರೀಕ್ಷೆ

ನಮ್ಮ ಕೆಲಸ ಮುಂದುವರಿಸಬೇಕೋ ನಿಲ್ಲಿಸಬೇಕೋ ನೋಡಲು ಒಬ್ಬ ಹಿರಿಯ ಅಧಿಕಾರಿ ಬಂದರು. ಕನ್ನಡ ಬಲ್ಲವರು, ನಗು ಅರಿಯದವರು. ಹೊರಗಿನ ಬೆಳಕು ಬೀಳಬಾರದೆಂದು ಕೋಣೆಯ ದೀಪ ಆರಿಸಿ, ಕಿಟಕಿಗೆ ಪರದೆ ಎಳೆದು, ಕಂಪ್ಯೂಟರಿನ ಮೇಲೂ ಬಟ್ಟೆ ಹೊದಿಸಿದೆವು. ಜನವರಿಯ ಚಳಿ, ಫ್ಯಾನೂ ಇಲ್ಲ. ಸಾಹೇಬರು ಡಬ್ಬಿಯ ಮೇಲೆ ಕೈಯಿಟ್ಟು ಭಾಷಣ ಸುರು ಮಾಡಿದರು. “ಸರ್, ಈಗ ನಿಮ್ಮ ಮುಂದ ಲಕ್ಷಗಟ್ಟಲೆ ಮಿಣುಕು ಹೊಂಟಾವ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ.”

ಅಧಿಕಾರಿಗಳು ಬಗ್ಗಿ ನೋಡಿದರು. “ಅದ್ಭುತ,” ಎಂದರು.

ಮಾತು ಮುಗಿಸಿ ಸಾಹೇಬರು ಹೆಮ್ಮೆಯಿಂದ ಬಾಗಿಲು ತೆಗೆದರು. ಹೊರಗೆ ಮೆಟ್ಟಿಲ ಬಳಿಯೂ ಕತ್ತಲು. ಕರೆಂಟ್ ಯಾವಾಗಲೋ ಹೋಗಿತ್ತು!

ಸಾಹೇಬರು ಅದನ್ನು ಮುಚ್ಚಿಡಲಿಲ್ಲ. “ತಪ್ಪಾತ್ರಿ ಸರ್. ಇಷ್ಟೊತ್ತು ಏನೂ ನಡೆದೇ ಇರಲಿಲ್ಲ.”

ಅಧಿಕಾರಿಗಳು ಕೂತು ಚಹಾ ಕುಡಿದರು. ಕರೆಂಟ್ ಬಂತು. ಡಬ್ಬಿ ಹಚ್ಚಿದೆವು, ಕಂಪ್ಯೂಟರಿನ ಪರದೆಯ ಮೇಲೆ ಮಿಣುಕುಗಳ ಲೆಕ್ಕ ಸರಸರ ಏರಿತು. ಅವರು ಬಹಳ ಹೊತ್ತು ನೋಡಿ ಎದ್ದು ನಿಂತರು.

“ಮುಂದುವರಿಸ್ರಿ, ಚಲೋ ಐತಿ. ಆದ್ರ ಅಗ್ಗದ್ದು ಬೇಕಂದ್ರ ಮೊದಲು ತೋರಿಸಿದ್ದೇ ಚಲೋ ಇತ್ತು ನೋಡ್ರಿ. ಅದಕ್ಕ ಕರೆಂಟೂ ಬೇಕಿರಲಿಲ್ಲ!”