ದಯೆಯ ಖಾತೆ ರಜೆಯಲ್ಲಿದ್ದಾಗ

ನಮ್ಮ ಚರ್ಚಿನ ಸಭೆಯಲ್ಲಿ ಒಟ್ಟು ಇಪ್ಪತ್ತನಾಲ್ಕು ಸದ್ಗುಣಗಳಿವೆ. ಒಂದೊಂದಕ್ಕೂ ಒಬ್ಬರೇ ಜವಾಬ್ದಾರರು. ಮೇಲಿನ ಕಚೇರಿ ಕಳಿಸಿದ ಪ್ರಶ್ನಾವಳಿಯಲ್ಲಿ ಯಾರಿಗೆ ಯಾವುದರಲ್ಲಿ ಹೆಚ್ಚು ಅಂಕ ಬಂತೋ ಅವರಿಗೆ ಆ ಖಾತೆ. ಒಬ್ಬರ ಗುಣವನ್ನು ಇನ್ನೊಬ್ಬರು ಬಳಸುವುದನ್ನು ಸಮಿತಿ ನಿಷೇಧಿಸಿತು. ಕಾರ್ಯದರ್ಶಿಯಾದ ನಾನು ಎಲ್ಲವನ್ನೂ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಸಭಾಪಾಲಕರಿಗೆ, ಅಂದರೆ ನಮ್ಮ ಪಾಸ್ಟರಿಗೆ, ಬಂದದ್ದು ಧೈರ್ಯ. ದಯೆ ಬಂದದ್ದು ಆರ್ಗನ್ ನುಡಿಸುವ ನನ್ನ ಮೈದುನನಿಗೆ.

"ಇದನ್ನಿಟ್ಕೊಂಡು ಏನು ಮಾಡ್ಲಿ ಅತ್ತಿಗೆ?"

"ಕೇಳಿ ಬಂದವರಿಗೆ ತೋರಿಸು. ಮಂಗಳವಾರ, ಶುಕ್ರವಾರ, ನಾಲ್ಕರಿಂದ ಐದು."

ಎರಡು ತಿಂಗಳು ಸುಸೂತ್ರವಾಗಿ ನಡೆಯಿತು. ಆಮೇಲೆ ಮೈದುನ ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿದ. ಅದೇ ವಾರ ಗಡಿಯಾರ ರಿಪೇರಿಯವರು ತೀರಿಕೊಂಡರು. ಮಣ್ಣಾದ ಮೂರನೆಯ ದಿನ ಅವರ ಹೆಂಡತಿ ಕಚೇರಿಗೆ ಬಂದರು. ಸಂಜೆಯಾದರೆ ಮನೆಯಲ್ಲಿ ಒಬ್ಬಳೇ ಇರಲು ಆಗುತ್ತಿಲ್ಲ, ಯಾರಾದರೂ ಸ್ವಲ್ಪ ಹೊತ್ತು ಬಂದು ಕೂತರೆ ಸಾಕು ಎಂದರು.

"ದಯೆ ರಜೆಯಲ್ಲಿದೆಯಮ್ಮ. ಇಪ್ಪತ್ತನೇ ತಾರೀಖು ಬನ್ನಿ."

"ಅಲ್ಲೀವರೆಗೆ ಬೇರೆ ಏನಾದ್ರೂ ಸಿಗುತ್ತಾ ಅಕ್ಕಾ?"

ಪುಸ್ತಕ ತಿರುವಿ ನೋಡಿದೆ. "ಕುತೂಹಲ ಬಿಡುವಾಗಿದೆ."

"ಅದನ್ನ ಅಕ್ಕಪಕ್ಕದೋರೇ ಬೇಕಾದಷ್ಟು ತೋರಿಸ್ತಿದಾರೆ" ಎಂದು ಎದ್ದು ಹೋದರು.

ಅಂದು ಸಂಜೆ ಸಭಾಪಾಲಕರು ಆ ಮನೆಯಲ್ಲಿ ಎರಡು ಗಂಟೆ ಕೂತಿದ್ದರೆಂದು ಕುತೂಹಲದ ಖಾತೆಯವರು ಲಿಖಿತ ದೂರು ಕೊಟ್ಟರು. ಸಮಿತಿ ವಿಚಾರಣೆಗೆ ಕರೆಯಿತು.

"ಅಲ್ಲೇನು ಮಾಡಿದ್ರಿ ಪಾಸ್ಟರ್?"

"ಸುಮ್ಮನೆ ಕೂತಿದ್ದೆ. ಅವರು ಅತ್ತರು. ಟೀ ಮಾಡಿಕೊಟ್ಟೆ."

ಸದಸ್ಯರು ಮುಖ ಮುಖ ನೋಡಿಕೊಂಡರು. ಟೀ ಸ್ಪಷ್ಟವಾಗಿ ದಯೆಯ ವ್ಯಾಪ್ತಿಗೆ ಬರುತ್ತದೆ. ಇದಕ್ಕೆ ಶಿಕ್ಷೆ ವರ್ಗಾವಣೆ.

"ಇನ್ನು ಮುಂದೆ ಹೋಗಲ್ಲ ಅಂತ ಬರೆದುಕೊಡಿ."

"ಇವತ್ತು ಸಂಜೇನೂ ಬರ್ತೀನಿ ಅಂತ ಹೇಳಿದೀನಿ."

ನಾನು ಕನ್ನಡಕ ಒರೆಸಿಕೊಂಡೆ. "ಆ ಮನೇಲಿ ನಾಯಿ ಇದೆಯಲ್ವಾ ಪಾಸ್ಟರ್?"

"ಇದೆ. ಪ್ಯಾಂಟು ಹರೀತು."

"ಹಾಗಾದ್ರೆ ನೀವು ತೋರಿಸಿದ್ದು ಧೈರ್ಯ" ಎಂದು ಹಾಗೆಯೇ ದಾಖಲಿಸಿದೆ. ಸಮಿತಿ ಅವಿರೋಧವಾಗಿ ಒಪ್ಪಿತು. ನಾಯಿಯಿರುವ ಮನೆಗೆ ಸಭಾಪಾಲಕರು ಎಷ್ಟು ಸಲ ಬೇಕಾದರೂ ಹೋಗಬಹುದೆಂದು ನಿಯಮವೂ ಆಯಿತು.

ಅಂದಿನಿಂದ ನಮ್ಮಲ್ಲಿ ಕಷ್ಟ ಬಂದವರು ಮೊದಲು ಒಂದು ನಾಯಿ ತರುತ್ತಾರೆ. ಮೈದುನ ರಜೆ ಮುಗಿಸಿ ಬಂದು ವಾರಕ್ಕೆರಡು ದಿನ ತಪ್ಪದೆ ಕೂರುತ್ತಾನೆ. ಅರ್ಜಿಗಳೇ ಇಲ್ಲದ್ದರಿಂದ ಎಲ್ಲರೂ ಸುಖವಾಗಿದ್ದಾರೆಂದು ಮೇಲಿನ ಕಚೇರಿ ನಮ್ಮನ್ನು ಅಭಿನಂದಿಸಿದೆ.

ನಮ್ಮ ಯಜಮಾನರು ಹಾಸಿಗೆ ಹಿಡಿದು ತಿಂಗಳಾಯಿತು. ನಾನೂ ಒಂದು ಮರಿಗೆ ಹೇಳಿಟ್ಟಿದ್ದೇನೆ. ಕಚ್ಚುವಂಥದ್ದೇ ಬೇಕೆಂದು ಲಿಖಿತವಾಗಿ ತಿಳಿಸಿದ್ದೇನೆ.