ಸ್ವೀಡನ್ನಿಗೆ ಹೋದ ನಮ್ಮ ವರಮಾನ

ಪಕ್ಕದ ಮನೆಯವರ ವರಮಾನ ಎಷ್ಟಿರಬಹುದೆಂದು ಲೆಕ್ಕ ಹಾಕುವ ಚಪಲ ನನಗೆ ಚಿಕ್ಕಂದಿನಿಂದಲೂ ಇದೆ. ಕೆಟ್ಟ ಚಾಳಿ ಎಂದು ಅಮ್ಮ ಬೈಯುತ್ತಿದ್ದಳು. ಅದೇ ಕೆಲಸವನ್ನು ದೇಶದೇಶ ಸುತ್ತಿ ಮಾಡಿದರೆ ಸಂಶೋಧನೆ ಎನ್ನುತ್ತಾರೆಂದು ತಿಳಿದದ್ದು, ಎಪ್ಪತ್ತರ ದಶಕದ ಕೊನೆಯಲ್ಲಿ ಸ್ವೀಡನ್ನಿನ ವಿದ್ವಾಂಸರೊಬ್ಬರು ಮೂಡಿಗೆರೆಗೆ ಬಂದಾಗ. ಬಡವರ ಮನೆಗೂ ಶ್ರೀಮಂತರ ಮನೆಗೂ ವರಮಾನದಲ್ಲಿ ಅಂತರ ಎಷ್ಟೆಂದು ನಾಲ್ಕು ದೇಶಗಳಲ್ಲಿ ಹೋಲಿಸಿ ನೋಡುವುದು ಅವರ ಉದ್ದೇಶ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕಲಿಸುವವನಿಗೆ ಮಾತಾಡಲೂ ಬರುತ್ತದೆಂದು ತಪ್ಪು ತಿಳಿದು ನನ್ನನ್ನು ದುಭಾಷಿಯಾಗಿ ಕರೆದೊಯ್ದರು.

ಮೊದಲು ಹೋದದ್ದು ಬಣಕಲ್ ಹತ್ತಿರದ ರಾಮೇಗೌಡರ ಎಸ್ಟೇಟಿಗೆ. ನಮ್ಮ ಸ್ಕೂಲಿನ ಕಮಿಟಿಗೆ ಅವರೇ ಅಧ್ಯಕ್ಷರು. ನನ್ನ ಕೆಲಸ ಖಾಯಂ ಆಗುವುದು ಅವರ ಒಂದು ಸಹಿಯಲ್ಲಿತ್ತು. ಬಂದವನು ಬಿಳಿಯನಾದರೂ ಇನ್‌ಕಮ್ ಟ್ಯಾಕ್ಸಿನವನೇ ಇರಬೇಕೆಂದು ಅವರ ಗುಮಾನಿ. ಎರಡು ಜೀಪುಗಳ ನಡುವೆ ಕುರ್ಚಿ ಹಾಕಿಸಿ, ಹೂಮಳೆ ಕೈಕೊಟ್ಟದ್ದು, ಎಲೆಗೆ ರೋಗ ತಗುಲಿದ್ದು, ಕಾಫಿಗೆ ಬೆಲೆ ಬಿದ್ದದ್ದು ಎಲ್ಲವನ್ನೂ ವಿವರಿಸಿ ಕೊನೆಗೆ ನನ್ನ ಕಡೆ ತಿರುಗಿದರು. "ವರಮಾನ ಏನೂ ಇಲ್ಲ, ಬರೀ ಲುಕ್ಸಾನು ಅಂತ ಬರೆಸಿ ಮೇಷ್ಟ್ರೆ" ಎಂದರು. ಬರೆಸಿದೆ.

ಅಲ್ಲಿಂದ ಅದೇ ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿಗೆ ಹೋದೆವು. ಹಣ್ಣು ಕೊಯ್ಯುವ ಗಿರಿಜೆಯ ಮಗಳನ್ನು ನೋಡಲು ಕಳಸದಿಂದ ಗಂಡಿನ ಕಡೆಯವರು ಬಂದು ಆಗಷ್ಟೇ ಚಾಪೆಯ ಮೇಲೆ ಕೂತಿದ್ದರು. ಅವರೆದುರು ದಿನಗೂಲಿ ಹೇಳುವಷ್ಟು ದಡ್ಡಿಯಲ್ಲ ಗಿರಿಜೆ. ಇರುವ ಕೋಳಿ, ಇಲ್ಲದ ಹಸು, ಗಂಡನಿಗೆ ಇನ್ನೂ ಸಿಗದ ಮೇಸ್ತ್ರಿ ಕೆಲಸ, ಊರಲ್ಲಿ ಯಾರದೋ ಗದ್ದೆ ಎಲ್ಲವನ್ನೂ ಸೇರಿಸಿ, ದೇವರು ನಮಗೇನೂ ಕಮ್ಮಿ ಮಾಡಿಲ್ಲವೆಂದು ಚಾಪೆಯ ಕಡೆ ನೋಡುತ್ತ ಹೇಳಿದಳು. ಅದನ್ನೂ ಬರೆಸಿದೆ.

ವಿದ್ವಾಂಸರು ಎರಡು ಫಾರಮ್ಮುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಕೂಲಿಯವಳು ಧಣಿಗಿಂತ ಶ್ರೀಮಂತೆ. ಇದು ಸರಿಯೇ ಎಂದು ಕೇಳಿದರು. ಅಲ್ಲ ಎಂದರೆ ಅವಳಿಗೆ ಅಳಿಯ ತಪ್ಪುತ್ತಿದ್ದ, ನನಗೆ ಸಹಿ. ಸರಿ ಎಂದೆ. ತಮ್ಮ ದೇಶದಲ್ಲೂ ಇಂಥ ಸಮಾನತೆ ಕಂಡಿಲ್ಲವೆಂದು ಅವರು ಕನ್ನಡಕ ಒರೆಸಿಕೊಂಡರು.

ಸಂಜೆ, ಮಧ್ಯಮ ವರ್ಗದ್ದೂ ಒಂದು ಮನೆ ಇರಲೆಂದು ನಮ್ಮಲ್ಲಿಗೇ ಬಂದರು. ನಾನು ಸಂಬಳವನ್ನಷ್ಟೇ ಹೇಳಿದೆ. ಕಾಫಿ ಕೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಶಾರದೆಗೆ ಇಂಗ್ಲಿಷಿನಲ್ಲಿ ಅಂಕಿಗಳು ಮಾತ್ರ ಬರುತ್ತವೆ.

"ಟ್ಯೂಷನ್ ದುಡ್ಡು ಬಿಟ್ಟುಹೋಯ್ತಲ್ಲ" ಎಂದಳು.

ಆ ದುಡ್ಡಿನ ಸುದ್ದಿ ಅವಳಿಗೆ ಗೊತ್ತಿಲ್ಲವೆಂದು ನಾನು ಮೂರು ವರ್ಷದಿಂದ ನಂಬಿದ್ದೆ. ಅವಳೇ ಮುಂದೆ ಬಂದು ಮೊತ್ತವನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಣೆ ಪೈಸೆ ತಪ್ಪಿರಲಿಲ್ಲ. ಮತ್ತೆ ನನ್ನ ಕಡೆ ತಿರುಗಿ, "ನನ್ನ ವರಮಾನನೂ ಹೇಳಿ. ನೀವು ಕೊಟ್ಟಾಗ ಉಂಟು, ಕೊಡದಿದ್ದಾಗ ಇಲ್ಲ" ಎಂದಳು. ಅವತ್ತು ನಾನು ನೆಟ್ಟಗೆ ಅನುವಾದಿಸಿದ್ದು ಅದೊಂದನ್ನೇ.

ಮರುವರ್ಷ ಅವರ ಪತ್ರ ಬಂತು. ತಾವು ನೋಡಿದ ನಾಲ್ಕು ದೇಶಗಳಲ್ಲಿ ಅತಿ ದೊಡ್ಡ ಅಂತರ ಕಂಡದ್ದು ಮೂಡಿಗೆರೆಯ ಒಂದೇ ಮನೆಯೊಳಗೆ ಎಂದು ಬರೆದಿದ್ದರು. ನಮ್ಮ ಬಗ್ಗೆ ಏನಾದರೂ ಬರೆದಿದ್ದಾರೆಯೇ ಎಂದು ಶಾರದೆ ಕೇಳಿದಳು. ನಿನ್ನ ಕಾಫಿಯನ್ನು ಬಹಳ ಹೊಗಳಿದ್ದಾರೆ ಎಂದು ಅನುವಾದಿಸಿದೆ.